ಪ್ಯಾಕೇಜು ಮತ್ತು ಹಗೇವು

"ಎಷ್ಟ್ ಬತ್ತದಪ್ಪ ತಿಂಗಳಿಗೆ?" ಗುಡೇಮಾರನಹಳ್ಳಿಯಲ್ಲಿ ಬಸ್ಸಿಳಿದು ಟೀ ಅಂಗಡಿ ಮುಂದೆ ನಿಂತರೆ ಈ ಪ್ರಶ್ನೆ ತಪ್ಪುವುದಿಲ್ಲ. ಕೇಳುವವರದು ಬರೀ ಕುತೂಹಲವಲ್ಲ. ಅವರ ಮನೆಯಲ್ಲೂ ಒಬ್ಬಳು ಮಗಳು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಒಬ್ಬ ಮಗ ಡಿಪ್ಲೊಮಾ ಮುಗಿಸಿ ದಾಬಸ್‌ಪೇಟೆಯ ಕಾರ್ಖಾನೆಗೋ ಬೆಂಗಳೂರಿಗೋ ಎಂದು ಮನಸ್ಸು ಗಟ್ಟಿ ಮಾಡಲಾಗದೆ ಕೂತಿದ್ದಾನೆ. ಮಾಗಡಿ ಸೀಮೆಯ ಈ ಊರುಗಳಿಂದ ಬೆಂಗಳೂರು ಐವತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ. ನಮ್ಮ ರಾಮನಗರ ಜಿಲ್ಲೆಯ ಹೆಸರೇ 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾಯಿತು. ನಗರ ಇಷ್ಟು ಹತ್ತಿರ ಬಂದರೂ ಅದರ ಕೆಲಸದ ಬಗ್ಗೆ ನಮ್ಮ ಜನರಿಗೆ ತಲುಪಿರುವುದು ಅರ್ಧ ಸುದ್ದಿ. ಹದಿನೈದು ವರ್ಷ ಸಾಫ್ಟ್‌ವೇರ್‌ನಲ್ಲಿ ದುಡಿದು, ನಡುವೆ ಒಮ್ಮೆ ಕೆಲಸ ಕಳೆದುಕೊಂಡು, ಈಗ ಮೊದಲಿಗಿಂತ ಕಡಿಮೆ ಸಂಬಳಕ್ಕೆ ದುಡಿಯುತ್ತಿರುವ ನಾನು ಉಳಿದರ್ಧವನ್ನು ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಊರಲ್ಲಿ ನನ್ನ ಕಿವಿಗೆ ಬಿದ್ದ ಮಾತುಗಳನ್ನೇ ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

"ಹನ್ನೆರಡು ಲಕ್ಷದ ಪ್ಯಾಕೇಜು, ಅಂದ್ರೆ ತಿಂಗಳಿಗೆ ಒಂದು ಲಕ್ಷ"

ಅಲ್ಲ. ಪ್ಯಾಕೇಜು ಎಂದರೆ ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು. ಅದರೊಳಗೆ ಏನೇನಿದೆ ನೋಡಿ. ಹತ್ತನೇ ಒಂದು ಭಾಗ, ಅಂದರೆ 1,20,000 ರೂಪಾಯಿ, 'ವೇರಿಯಬಲ್' ಎಂದು ಇಟ್ಟಿದ್ದಾರೆ ಎಂದುಕೊಳ್ಳೋಣ. ಕಂಪನಿಯ ಲಾಭ, ನಿಮ್ಮ ವಿಭಾಗದ ಗುರಿ, ನಿಮ್ಮ ಮ್ಯಾನೇಜರ್ ಕೊಡುವ ಅಂಕ, ಮೂರೂ ಕೂಡಿಬಂದರೆ ಮಾತ್ರ ಅದು ಪೂರ್ತಿ ಸಿಗುತ್ತದೆ. ಮೂಲವೇತನ 6 ಲಕ್ಷವಿದ್ದರೆ ಕಂಪನಿ ಪಾಲಿನ ಭವಿಷ್ಯನಿಧಿ 72,000 ರೂಪಾಯಿ ಅದರಲ್ಲೇ ಸೇರಿರುತ್ತದೆ. ಗ್ರಾಚ್ಯುಟಿಗೆಂದು ಸುಮಾರು 29,000, ಗುಂಪು ವಿಮೆಗೆಂದು ಒಂದಿಪ್ಪತ್ತು ಸಾವಿರ. ಇವೆಲ್ಲ ಕಳೆದು, ನಿಮ್ಮ ಪಾಲಿನ ಭವಿಷ್ಯನಿಧಿ ಮತ್ತು ವೃತ್ತಿ ತೆರಿಗೆ ಮುರಿದ ಮೇಲೆ ಬ್ಯಾಂಕಿಗೆ ಬೀಳುವುದು ತಿಂಗಳಿಗೆ 74,000 ರೂಪಾಯಿ ಆಸುಪಾಸು. 2025ರ ಬಜೆಟ್ಟಿನ ನಂತರ ಹೊಸ ಪದ್ಧತಿಯಲ್ಲಿ ಈ ಮಟ್ಟದ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ, ಅದೊಂದು ಸಮಾಧಾನ.

ಗ್ರಾಚ್ಯುಟಿಯನ್ನು ಸ್ವಲ್ಪ ಗಮನಿಸಿ. 1972ರ ಕಾಯ್ದೆಯ ಪ್ರಕಾರ ಐದು ವರ್ಷ ತುಂಬದೆ ಬಿಟ್ಟವರಿಗೆ ಅದು ಸಿಗುತ್ತಿರಲಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ನಮ್ಮ ಹುಡುಗರ ಪ್ಯಾಕೇಜಿನಲ್ಲಿ ಅದು ಪ್ರತಿ ವರ್ಷ ಅಚ್ಚಾಗಿರುತ್ತಿತ್ತು, ಕೈಗೆ ಮಾತ್ರ ಒಮ್ಮೆಯೂ ಬರುತ್ತಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಎಂದಿವೆ. ಕಾಯಂ ನೌಕರರಿಗೆ ಐದು ವರ್ಷದ ಗಡಿ ಹಾಗೇ ಇದೆ.

ಗುಂಪು ವಿಮೆಯದು ಇದಕ್ಕಿಂತ ದೊಡ್ಡ ವಿಷಯ. "ಕಂಪನಿ ಇನ್ಶೂರೆನ್ಸ್ ಐತೆ ಬಿಡು" ಎಂದು ಅಪ್ಪ ಅಮ್ಮನಿಗೆ ಬೇರೆ ವಿಮೆ ಮಾಡಿಸದವರು ನನ್ನ ಜೊತೆಯಲ್ಲೇ ಹತ್ತಾರು ಮಂದಿ ಇದ್ದರು. ಕೆಲಸ ಹೋದ ದಿನವೇ ಆ ಕಾರ್ಡು ಬರೀ ಪ್ಲಾಸ್ಟಿಕ್. ಅರವತ್ತೈದು ದಾಟಿದ, ಸಕ್ಕರೆ ಕಾಯಿಲೆ ಇರುವ ತಂದೆಗೆ ಆಮೇಲೆ ಹೊಸ ವಿಮೆ ಹುಡುಕುವ ಕಷ್ಟ ಏನೆಂದು ಅನುಭವಿಸಿದವರಿಗೇ ಗೊತ್ತು. ಕೆಲಸ ಬಿಡುವ ಹೊತ್ತಿಗೆ ಅದೇ ವಿಮಾ ಸಂಸ್ಥೆಯಲ್ಲಿ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಕೇಳಬಹುದು. ಆ ದಾರಿ ಇದೆ ಎಂದು ನನಗೆ ಹೇಳಿದವರು ಯಾರೂ ಇರಲಿಲ್ಲ.

"ಕಂಪ್ಯೂಟರ್ ಓದಿದೋರಿಗೆಲ್ಲ ದೊಡ್ಡ ಸಂಬಳ"

ನಿಮ್ಮ ಕಣ್ಣಿಗೆ ಬೀಳುವುದು ಹಬ್ಬಕ್ಕೆ ಕಾರಿನಲ್ಲಿ ಬಂದವನು. ದೊಡ್ಡ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ವಾರ್ಷಿಕ ಮೂರೂವರೆ ಲಕ್ಷದ ಆಸುಪಾಸಿನ ಸಂಬಳ ಹತ್ತು ಹದಿನೈದು ವರ್ಷದಿಂದ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಈ ನಡುವೆ ಪಿಜಿ ಬಾಡಿಗೆ, ಊಟ, ಕಾಲೇಜು ಶುಲ್ಕ ಯಾವುದೂ ನಿಂತಿಲ್ಲ. ಎಂಜಿನಿಯರಿಂಗ್ ಸೀಟಿಗೆ ಜಮೀನು ಅಡವಿಟ್ಟ ಮನೆಗೆ ಮೊದಲ ಮೂರು ವರ್ಷ ಈ ಸಂಬಳದಿಂದ ಸಾಲದ ಬಡ್ಡಿ ತೀರಿದರೆ ಹೆಚ್ಚು.

ಅದೂ ಸಿಗುವ ದಿನ ಖಚಿತವಿಲ್ಲ. 2022ರಲ್ಲಿ ಆಫರ್ ಪತ್ರ ಪಡೆದು ಎರಡು ವರ್ಷಕ್ಕೂ ಮೀರಿ ಕಾದು 2024ರಲ್ಲಿ ಸೇರಿದ ತರಬೇತಿ ನೌಕರರ ಪೈಕಿ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಇನ್ಫೋಸಿಸ್ 2025ರ ಫೆಬ್ರವರಿಯಲ್ಲಿ ಮೈಸೂರು ಕ್ಯಾಂಪಸ್ಸಿನಿಂದ ಕಳುಹಿಸಿತು. ಆಂತರಿಕ ಪರೀಕ್ಷೆಯಲ್ಲಿ ಮೂರು ಅವಕಾಶ ಕೊಟ್ಟರೂ ತೇರ್ಗಡೆಯಾಗಲಿಲ್ಲ ಎಂಬುದು ಕಂಪನಿ ಹೇಳಿದ ಕಾರಣ. ಕಾರಣದ ಬಗ್ಗೆ ವಾದವಿರಬಹುದು. ಆಫರ್ ಪತ್ರ ಬಂದ ದಿನವೇ ಊರಿಗೆಲ್ಲ ಸಿಹಿ ಹಂಚಿ, ಅದನ್ನು ನಂಬಿ ಹೊಸ ಸಾಲ ಮಾಡುವ ಮನೆಗಳಿಗೆ ನಾನು ಹೇಳುವುದು ಇಷ್ಟೇ: ಮೊದಲ ವರ್ಷ ಮುಗಿಯುವವರೆಗೆ ಯಾವ ಲೆಕ್ಕಕ್ಕೂ ಆ ಸಂಬಳವನ್ನು ಹಿಡಿಯಬೇಡಿ.

"ಚೆನ್ನಾಗಿ ಕೆಲ್ಸ ಮಾಡಿದ್ರೆ ಯಾಕ್ ತೆಗೀತಾರೆ?"

ಈ ಮಾತು ನನ್ನನ್ನು ಸುಟ್ಟಷ್ಟು ಬೇರೆ ಯಾವುದೂ ಸುಟ್ಟಿಲ್ಲ.

2023ರ ಒಂದು ಬೆಳಿಗ್ಗೆ ಹದಿನೈದು ನಿಮಿಷದ ವಿಡಿಯೊ ಕರೆಯಲ್ಲಿ ನನ್ನ ಕೆಲಸ ಮುಗಿಯಿತು. ಹಿಂದಿನ ವರ್ಷ ಒಳ್ಳೆಯ ರೇಟಿಂಗ್ ಕೊಟ್ಟಿದ್ದವರೇ ಕರೆಯ ಆ ತುದಿಯಲ್ಲಿದ್ದರು. ನಾವು ಕಟ್ಟುತ್ತಿದ್ದ ಉತ್ಪನ್ನವನ್ನೇ ಕೈಬಿಡಲು ಬೇರೆ ದೇಶದಲ್ಲಿ ಕೂತವರು ತೀರ್ಮಾನಿಸಿದ್ದರು. ನಮ್ಮ ತಂಡದ ಹದಿನಾಲ್ಕು ಮಂದಿಯಲ್ಲಿ ಅತ್ಯಂತ ಬುದ್ಧಿವಂತೆಯೂ ಹೋದಳು, ಹಿಂದಿನ ತಿಂಗಳು ಸೇರಿದ್ದವನೂ ಹೋದ. ಸಂಜೆಯೊಳಗೆ ರಾಜೀನಾಮೆ ಬರೆದುಕೊಟ್ಟರೆ ಎರಡು ತಿಂಗಳ ಸಂಬಳ ಎಂದರು. ಬರೆದುಕೊಟ್ಟೆ.

ಮನೆಯಲ್ಲಿ ಹೇಳಲಿಲ್ಲ. ನಲವತ್ತು ದಿನ ಹೇಳಲಿಲ್ಲ. ಭಾನುವಾರ ಊರಿಗೆ ಬಂದಾಗ "ಕೆಲ್ಸ ಹೆಂಗೈತೆ" ಎಂದು ಅಪ್ಪ ಕೇಳಿದರೆ "ಚೆನ್ನಾಗೈತೆ" ಎನ್ನುತ್ತಿದ್ದೆ. ಸುಳ್ಳು ಹೇಳಿಸಿದ್ದು "ಯಾಕ್ ತೆಗೀತಾರೆ" ಎಂಬ ಆ ಮಾತೇ. ಕೆಲಸ ಹೋಯಿತು ಎಂದರೆ ಇವನೇ ಏನೋ ತಪ್ಪು ಮಾಡಿರಬೇಕು ಎಂದು ಜನ ಅಂದುಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಮಳೆ ಬಾರದೆ ರಾಗಿ ಒಣಗಿದರೆ ನಮ್ಮೂರಲ್ಲಿ ಯಾರೂ ರೈತನನ್ನು ಸೋಮಾರಿ ಎನ್ನುವುದಿಲ್ಲ. ಈ ಕೆಲಸಕ್ಕೂ ಒಂದು ಮಳೆಗಾಲವಿದೆ.

ಆ ಮಳೆ ಎಲ್ಲಿ ನಿಂತಿತು ಎಂದು ನೋಡಿ. ಕೊರೊನಾ ಕಾಲದಲ್ಲಿ ಜಗತ್ತೆಲ್ಲ ಆನ್‌ಲೈನ್ ಆದಾಗ ಕಂಪನಿಗಳು ಮಿತಿಮೀರಿ ಜನರನ್ನು ತುಂಬಿಕೊಂಡವು. 2022ರಲ್ಲಿ ಅಮೆರಿಕದಲ್ಲಿ ಬಡ್ಡಿದರ ಏರತೊಡಗಿತು, ಅಗ್ಗದ ಬಂಡವಾಳ ಬತ್ತಿತು. ಮೆಟಾ 2022ರ ನವೆಂಬರಿನಲ್ಲಿ 11,000 ಮಂದಿಯನ್ನು ತೆಗೆಯಿತು. 2023ರ ಜನವರಿಯಲ್ಲಿ ಗೂಗಲ್ 12,000, ಅಮೆಜಾನ್ 18,000 ಎಂದು ಪ್ರಕಟಿಸಿದವು. ಲೇಆಫ್ ಎಂಬುದು ಅಮೆರಿಕದ ಕಂಪನಿಗಳ ಅಭ್ಯಾಸ, ನಮ್ಮ ದೇಶದ ದೊಡ್ಡ ಕಂಪನಿಗಳಲ್ಲಿ ಸರ್ಕಾರಿ ಕೆಲಸದ ಭದ್ರತೆ ಇದೆ ಎಂದು ನಂಬಿದ್ದವರೂ ಇದ್ದರು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಸುಮಾರು ಶೇ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ಹಂತದವರಿಗೇ ಇದರ ಪೆಟ್ಟು ಎಂದು ಅದೇ ತಿಳಿಸಿತು. ಅದಕ್ಕೂ ಒಂದು ತಿಂಗಳ ಹಿಂದೆ, ಪ್ರತಿ ನೌಕರ ವರ್ಷಕ್ಕೆ 225 ದಿನವಾದರೂ ಗ್ರಾಹಕನಿಗೆ ಬಿಲ್ಲು ಹಾಕಬಲ್ಲ ಕೆಲಸದಲ್ಲಿರಬೇಕು, ಕೆಲಸವಿಲ್ಲದೆ 'ಬೆಂಚ್' ಮೇಲೆ ಇರುವುದು 35 ದಿನ ಮೀರಬಾರದು ಎಂಬ ನಿಯಮ ತಂದಿತ್ತು. ಬೆಂಚ್ ಎಂದರೆ ಎರಡು ಪ್ರಾಜೆಕ್ಟುಗಳ ನಡುವಿನ ಬಿಡುವು. ಹಿಂದೆ ಅಲ್ಲಿ ಕೂತು ಹೊಸದನ್ನು ಕಲಿಯುತ್ತಿದ್ದರು. ಈಗ ಅಲ್ಲಿ ಕೂತವರು ದಿನ ಎಣಿಸುತ್ತಾರೆ.

ಕಸುಬುಗಾರಿಕೆ ಬೇಡವೇ ಬೇಡ ಎನ್ನುತ್ತಿಲ್ಲ. ಅದು ಮುಂದಿನ ಕೆಲಸ ಬೇಗ ಸಿಗುವುದಕ್ಕೆ ನೆರವಾಗುತ್ತದೆ. ಇರುವ ಕೆಲಸವನ್ನು ಉಳಿಸುವ ಖಾತರಿ ಮಾತ್ರ ಅದಕ್ಕಿಲ್ಲ. ನಲವತ್ತು ದಾಟಿ, ಸಂಬಳ ಏರಿ, ತಂತ್ರಜ್ಞಾನ ಬದಲಾದವರಿಗೆ ಆ ನೆರವೂ ತೆಳುವಾಗುತ್ತಾ ಹೋಗುತ್ತದೆ. ಸರ್ಕಾರಿ ನೌಕರ ಅರವತ್ತರವರೆಗೆ ದುಡಿಯುತ್ತಾನೆ ಎಂದು ಲೆಕ್ಕ ಹಾಕಿದಂತೆ ಸಾಫ್ಟ್‌ವೇರ್‌ನವನಿಗೂ ಹಾಕಿದರೆ ಲೆಕ್ಕವೇ ತಪ್ಪುತ್ತದೆ. ದೊಡ್ಡ ಸಂಬಳದ ಕಾಲ ಇಪ್ಪತ್ತು ವರ್ಷ ಎಂದಿಟ್ಟುಕೊಂಡು ಬದುಕನ್ನು ಹೊಂದಿಸಿಕೊಂಡವರು ನೆಮ್ಮದಿಯಾಗಿರುವುದನ್ನು ನಾನು ಕಂಡಿದ್ದೇನೆ.

"ಅಮೆರಿಕಕ್ಕೆ ಹೋದ್ರೆ ಸೆಟ್ಲಾದಂಗೆ"

ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಇರುವ ಗಡುವು 60 ದಿನ. ಅಷ್ಟರಲ್ಲಿ ಸಿಗದಿದ್ದರೆ ಮನೆ, ಕಾರು, ಮಕ್ಕಳ ಶಾಲೆ ಎಲ್ಲ ಬಿಟ್ಟು ಹೊರಡಬೇಕು, ಇಲ್ಲವೇ ಬೇರೆ ಬಗೆಯ ವೀಸಾಕ್ಕೆ ಅರ್ಜಿ ಹಾಕಬೇಕು. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದ ಮೇಲೆ ಹೋಗುವ ಬಾಗಿಲೂ ಕಿರಿದಾಗಿದೆ. ದೂರ ಹೆಚ್ಚಾದಷ್ಟೂ ಸಂಬಳ ಹೆಚ್ಚು, ನಿಜ. ಭದ್ರತೆ ಹಾಗೆ ಹೆಚ್ಚುವುದಿಲ್ಲ.

"ಅದಕ್ಕೇ ಹೇಳೋದು, ಸರ್ಕಾರಿ ಕೆಲ್ಸ ಹಿಡೀಬೇಕು, ಸಾಯೋವರ್ಗೂ ಪಿಂಚಣಿ"

ಈ ಮಾತು ಹೇಳುವ ಹಿರಿಯರ ಮಟ್ಟಿಗೆ ಅದು ಸತ್ಯ. 2006ರ ಏಪ್ರಿಲ್ 1ರ ನಂತರ ಕರ್ನಾಟಕ ಸರ್ಕಾರದ ನೌಕರಿಗೆ ಸೇರಿದವರಿಗೆ ಅಲ್ಲ. ಅವರಿಗಿರುವುದು ಹೊಸ ಪಿಂಚಣಿ ಯೋಜನೆ. ಸಂಬಳದಿಂದ ಒಂದು ಪಾಲು, ಸರ್ಕಾರದ್ದು ಒಂದು ಪಾಲು ಸೇರಿ ಮಾರುಕಟ್ಟೆಯಲ್ಲಿ ಬೆಳೆದಷ್ಟು. ಕೊನೆಯ ಸಂಬಳದ ಅರ್ಧ ಎಂಬ ಹಳೆಯ ಖಾತರಿ ಅದರಲ್ಲಿಲ್ಲ. ಹಳೆ ಪಿಂಚಣಿಗಾಗಿ ನೌಕರರು ಇಷ್ಟು ವರ್ಷ ಬೀದಿಗಿಳಿದು ಹೋರಾಡಿದ್ದು ಇದಕ್ಕೇ. ಆದರೂ ನಮ್ಮೂರಿನ ಹೆಣ್ಣು ಕೊಡುವ ಮಾತುಕತೆಯಲ್ಲಿ "ಹುಡ್ಗನ್ಗೆ ಪಿಂಚಣಿ ಐತೆ" ಎಂಬುದು ಇವತ್ತಿಗೂ ಒಂದು ಅರ್ಹತೆ.

ಸಂಬಳ ಕಡಿಮೆ ಎಂಬ ಮಾತೂ ಈಗ ಹಳತಾಗಿದೆ. ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾದ 2024ರ ಆಗಸ್ಟ್ 1ರಿಂದ ರಾಜ್ಯ ನೌಕರರ ಕನಿಷ್ಠ ಮೂಲವೇತನವೇ 27,000 ರೂಪಾಯಿ. ಸಾಫ್ಟ್‌ವೇರ್‌ನ ಹೊಸಬನ ಕೈಗೆ ಬರುವುದಕ್ಕೂ ಇದಕ್ಕೂ ದೊಡ್ಡ ಅಂತರವಿಲ್ಲ. ಕೆಲಸ ಸಿಕ್ಕರೆ ಅದು ಭದ್ರ, ಅದನ್ನು ಒಪ್ಪುತ್ತೇನೆ. ಆದರೆ ಸಿಗುವವರೆಗಿನ ಕಾಲವನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ನೇಮಕಾತಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದಿದ್ದ ಹುಡುಗರ ಆ ಎರಡು ಮೂರು ವರ್ಷದ ಬೆಲೆ ಎಷ್ಟು? ಬೆಂಗಳೂರಿನ ವಿಜಯನಗರದ ಕೋಚಿಂಗ್ ಕೇಂದ್ರಗಳ ಸುತ್ತಲಿನ ಕೋಣೆಗಳಲ್ಲಿ ಇಪ್ಪತ್ತೆರಡಕ್ಕೆ ಬಂದು ಮೂವತ್ತಕ್ಕೆ ಹೊರಡುವವರಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ, ಸಂಕಟವೂ ಇದೆ. ಭದ್ರತೆಗೆಂದು ಅಷ್ಟು ವರ್ಷದ ದುಡಿಮೆಯನ್ನು ಮುಂಗಡವಾಗಿ ಕಟ್ಟಿದವರು ಅವರು.

ಇನ್ನು ಕಾರ್ಖಾನೆ. ಒಂದು ಕಾಲದಲ್ಲಿ ನಮ್ಮ ಕಡೆಯವರಿಗೆ ಜಾಲಹಳ್ಳಿಯ ಎಚ್‌ಎಂಟಿ ಎಂದರೆ ಕೊನೆಯವರೆಗಿನ ನೆಲೆ. 1953ರಲ್ಲಿ ಹುಟ್ಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ಮಾಡತೊಡಗಿದ ಸಂಸ್ಥೆ ಅದು. ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ಕೋಲಾರದ ಚಿನ್ನದ ಗಣಿಗೆ 2001ರ ಫೆಬ್ರವರಿ 28ರಂದು ಬೀಗ ಬಿತ್ತು. ನಮ್ಮ ಜಿಲ್ಲೆಯದೇ ಆದ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ಸಂಘವಿತ್ತು, ಒಳ್ಳೆಯ ಸಂಬಳವಿತ್ತು. 2020ರ ನವೆಂಬರಿನಲ್ಲಿ ಶುರುವಾದ ಮುಷ್ಕರ, ಲಾಕೌಟ್ ಮುಗಿಯಲು 2021ರ ಮಾರ್ಚ್ ಬರಬೇಕಾಯಿತು. ಹಿಂದಿನವರ ಕೆಲಸವೆಲ್ಲ ಕಲ್ಲಿನಂತೆ ಗಟ್ಟಿಯಿತ್ತು, ನಮ್ಮದು ಮಾತ್ರ ಗಾಳಿಗೆ ಹಾರುತ್ತದೆ ಎಂಬುದು ನೆನಪು ಕಟ್ಟಿಕೊಟ್ಟ ಚಿತ್ರ. ಅವರಿಗೂ ಇದೇ ಭಯವಿತ್ತು. ಅವರ ಬಾಗಿಲು ಮುಚ್ಚಲು ವರ್ಷಗಳು ಹಿಡಿಯುತ್ತಿದ್ದವು, ಮುಚ್ಚುವಾಗ ಜೊತೆಯಲ್ಲಿ ನೂರಾರು ಜನ ನಿಂತಿರುತ್ತಿದ್ದರು. ನಮ್ಮದು ಒಂದು ಮಿಂಚಂಚೆಯಲ್ಲಿ ಮುಚ್ಚುತ್ತದೆ, ಅದನ್ನು ಓದುವಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ.

"ಐಟಿಯೋರಿಗೆ ಲೇಬರ್ ಕಾನೂನು ಬರಲ್ಲ"

ನಾನೂ ಹಾಗೇ ನಂಬಿದ್ದೆ. ಆ ನಂಬಿಕೆಗೆ ಒಂದು ಬುಡವಿದೆ. ನೌಕರಿಯ ನಿಯಮಗಳನ್ನು ಲಿಖಿತವಾಗಿ ಗೊತ್ತುಮಾಡಿ ಪ್ರಮಾಣೀಕರಿಸಬೇಕು ಎನ್ನುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕರ್ನಾಟಕ ಸರ್ಕಾರ ಐಟಿ ಉದ್ಯಮಕ್ಕೆ ವಿನಾಯಿತಿ ಕೊಡುತ್ತಾ ಬಂದಿತ್ತು. 2024ರ ಮಾರ್ಚಿನಲ್ಲಿ ಅದನ್ನು ಇನ್ನೂ ಐದು ವರ್ಷಕ್ಕೆ ಮುಂದುವರಿಸಿತು, ಕುಂದುಕೊರತೆ ಸಮಿತಿ ಇರಬೇಕು, ಶಿಸ್ತುಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳೊಂದಿಗೆ. ಒಂದು ಕಾಯ್ದೆಯಿಂದ ಸಿಕ್ಕ ವಿನಾಯಿತಿಯನ್ನು ಜನ ಎಲ್ಲ ಕಾನೂನಿನಿಂದಲೂ ಸಿಕ್ಕಿದ ವಿನಾಯಿತಿ ಎಂದುಕೊಂಡರು.

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಸಾಫ್ಟ್‌ವೇರ್ ಕಚೇರಿಗೂ ಅನ್ವಯಿಸುತ್ತದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಅದರದು. ಆರು ತಿಂಗಳು ಸತತವಾಗಿ ದುಡಿದವರನ್ನು ಸೂಕ್ತ ಕಾರಣವಿಲ್ಲದೆ, ಒಂದು ತಿಂಗಳ ಮುನ್ಸೂಚನೆ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ ಎಂದು ಅದರ 39ನೇ ಸೆಕ್ಷನ್ ಹೇಳುತ್ತದೆ. ಹೆಚ್ಚಿನ ಕಂಪನಿಗಳು ವಜಾ ಪತ್ರ ಕೊಡದೆ ರಾಜೀನಾಮೆ ಬರೆಸಿಕೊಳ್ಳಲು ಅವಸರ ಮಾಡುವುದು ಯಾಕೆಂದು ಇದನ್ನು ಓದಿದ ದಿನ ನನಗೆ ಅರ್ಥವಾಯಿತು. ರಾಜೀನಾಮೆ ಕೊಟ್ಟವನನ್ನು ಯಾರೂ ತೆಗೆದಿಲ್ಲ, ಅವನೇ ಬಿಟ್ಟಿದ್ದಾನೆ. ಆ ಸಂಜೆ ಒಂದು ದಿನದ ಕಾಲಾವಕಾಶ ಕೇಳಿ, ಗೊತ್ತಿರುವ ವಕೀಲರೊಬ್ಬರಿಗೆ ಫೋನ್ ಮಾಡಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಸಂಘವೂ ಇದೆ. ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ, ಕಿಟು ಎಂದು ಕರೆಯುತ್ತಾರೆ, 2017ರಿಂದ ಕೆಲಸ ಮಾಡುತ್ತಿದೆ. 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅನುವಾಗುವ ತಿದ್ದುಪಡಿಯ ಪ್ರಸ್ತಾಪ ಬಂದಾಗ ಮುಂದೆ ನಿಂತು ವಿರೋಧಿಸಿದ್ದು ಅದು. "ಎಂಜಿನಿಯರಿಗೆ ಯಾತರ ಯೂನಿಯನ್ನು" ಎನ್ನುವ ಜಂಬ ನಮ್ಮಲ್ಲಿದೆ. ಬಿಡದಿಯ ಕಾರ್ಮಿಕನಿಗೆ ಇಲ್ಲದ ಆ ಜಂಬಕ್ಕೆ ನಾವು ತೆತ್ತಿರುವ ಬೆಲೆ ಸಣ್ಣದಲ್ಲ.

"ಎಸಿ ರೂಮಲ್ಲಿ ಕೂತ್ಕೊಂಡ್ ಮಾಡೋ ಕೆಲ್ಸ, ಏನ್ ಮಹಾ ಸುಸ್ತು"

ಹೊಲದ ಕೆಲಸದ ಜೊತೆ ಇದನ್ನು ಹೋಲಿಸಲು ನನಗೆ ನಾಲಿಗೆ ಬರುವುದಿಲ್ಲ. ಜ್ಯೇಷ್ಠದ ಬಿಸಿಲಲ್ಲಿ ಬೆನ್ನು ಬಗ್ಗಿಸಿದವರ ಸುಸ್ತು ಬೇರೆ. ಆದರೆ ಹೊಲದ ಕೆಲಸ ಕತ್ತಲಾದರೆ ನಿಲ್ಲುತ್ತದೆ. ಇದು ಕತ್ತಲಾದ ಮೇಲೆ ಶುರುವಾಗುತ್ತದೆ, ಏಕೆಂದರೆ ಕೆಲಸ ಕೊಟ್ಟವರ ಊರಲ್ಲಿ ಆಗ ಬೆಳಕಾಗಿರುತ್ತದೆ. ರಾತ್ರಿ ಒಂಬತ್ತೂವರೆಗೆ ಮೀಟಿಂಗು, ವಾರದ ಪಾಳಿಯಲ್ಲಿ 'ಆನ್ ಕಾಲ್' ಎಂದು ನಡುರಾತ್ರಿಗೂ ಫೋನು. ಇದರ ನಡುವೆ 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಹೊರಬಿತ್ತು. ತನ್ನದೇ ಕಂಪನಿ ಕಟ್ಟುವವನ 70 ಗಂಟೆ ಬೇರೆ, ತಿಂಗಳ ಸಂಬಳದವನ 70 ಗಂಟೆ ಬೇರೆ. ಮೊದಲನೆಯವನಿಗೆ ಹೆಚ್ಚಿನ ಪ್ರತಿ ಗಂಟೆಯೂ ಅವನದೇ ಆಸ್ತಿಯಾಗುತ್ತದೆ. ಎರಡನೆಯವನಿಗೆ ಅದರಿಂದ ಗಂಟೆಯ ಕೂಲಿ ಇಳಿಯುತ್ತದೆ, ಅಷ್ಟೇ.

ಕೂಲಿಯ ಲೆಕ್ಕವನ್ನೇ ಹಾಕೋಣ. ನನಗೆ ಗೊತ್ತಿರುವ ಇಬ್ಬರು, ಇಬ್ಬರೂ ಈ ಸೀಮೆಯವರೇ. ಒಬ್ಬ ಬೆಂಗಳೂರಿನಲ್ಲಿ ತಿಂಗಳಿಗೆ ಕೈಗೆ 1,00,000 ಪಡೆಯುತ್ತಾನೆ. ದಿನಕ್ಕೆ 10 ಗಂಟೆ ಕೆಲಸ, ಎರಡೂವರೆ ಗಂಟೆ ಟ್ರಾಫಿಕ್, ತಿಂಗಳಿಗೆ 22 ದಿನ. ಒಟ್ಟು 275 ಗಂಟೆ. ಬಾಡಿಗೆ 25,000 ಕಳೆದರೆ ಗಂಟೆಗೆ ಸುಮಾರು 273 ರೂಪಾಯಿ. ಇನ್ನೊಬ್ಬ ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್, ಕೈಗೆ 60,000. ಸ್ವಂತ ಮನೆ. 9 ಗಂಟೆ ಕೆಲಸ, ಒಂದು ಗಂಟೆ ಬೈಕಿನ ದಾರಿ, 25 ದಿನ. 250 ಗಂಟೆಗೆ ಭಾಗಿಸಿದರೆ 240 ರೂಪಾಯಿ. ನಲವತ್ತು ಸಾವಿರದ ಅಂತರ ಗಂಟೆಗೆ ಮೂವತ್ತಮೂರು ರೂಪಾಯಿಗೆ ಇಳಿದದ್ದು ಕಂಡು ಇಬ್ಬರೂ ಸುಮ್ಮನಾದರು. ಹಾಗೆಂದು ಮೊದಲನೆಯವನು ದಡ್ಡನಲ್ಲ. ಅವನ ಸಂಬಳ ಮೂರು ವರ್ಷದಲ್ಲಿ ಏರಿದಷ್ಟು ಇವನದು ಹತ್ತು ವರ್ಷದಲ್ಲೂ ಏರುವುದಿಲ್ಲ. ಇಬ್ಬರೂ ತಮ್ಮ ಲೆಕ್ಕವನ್ನು ತಾವು ಕಣ್ಣಾರೆ ನೋಡಬೇಕು, ಅದು ಮುಖ್ಯ.

ಊರಿನಿಂದಲೇ ಓಡಾಡುತ್ತೇನೆ ಎನ್ನುವವರಿಗೆ ದಾರಿ ಮೊದಲಿಗಿಂತ ಸಲೀಸಾಗಿದೆ. 2024ರ ನವೆಂಬರಿನಿಂದ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಬಂದಿದೆ. 2025ರ ಆಗಸ್ಟಿನಿಂದ ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿಕೊಂಡರೆ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇಳಿಯಬಹುದು. ಬಸ್ಸು, ಎರಡು ಮೆಟ್ರೊ, ಕೊನೆಯ ನಡಿಗೆ ಸೇರಿ ಒಂದು ಕಡೆಗೆ ಏನಿಲ್ಲವೆಂದರೂ ಎರಡೂವರೆ ಗಂಟೆ. ವಾರಕ್ಕೆ ಎರಡು ದಿನ ಕಚೇರಿಯಾದರೆ ಇದು ಆಗುವ ಮಾತು. ಐದು ದಿನವಾದರೆ ಆರು ತಿಂಗಳಲ್ಲಿ ಮೈ ಕೈಕೊಡುತ್ತದೆ. ಕೆಲಸಕ್ಕೆ ಸೇರುವ ಮುಂಚೆ ಸಂಬಳದ ಅಂಕಿ ಎಷ್ಟು ಗಟ್ಟಿಯಾಗಿ ಕೇಳುತ್ತೀರೋ ಈ ದಿನಗಳ ಸಂಖ್ಯೆಯನ್ನೂ ಅಷ್ಟೇ ಗಟ್ಟಿಯಾಗಿ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಕೊರೊನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಎಂಬ ಬಾಯಿಮಾತನ್ನು ನಂಬಿ ಊರಲ್ಲಿ ಮನೆ ಕಟ್ಟಿಸಿ ಆಮೇಲೆ ವಾಪಸ್ ಕರೆಸಿಕೊಂಡಾಗ ಒದ್ದಾಡಿದವರು ನಮ್ಮ ಸುತ್ತಲೇ ಇದ್ದಾರೆ.

"ದುಡ್ಡಿಗಿಂತ ನೆಮ್ಮದಿ ಮುಖ್ಯ"

ಇದನ್ನು ತಪ್ಪು ಕಲ್ಪನೆಗಳ ಪಟ್ಟಿಗೆ ಸೇರಿಸಿದ್ದಕ್ಕೆ ಕೆಲವರಿಗೆ ಬೇಸರವಾಗಬಹುದು. ಆದರೆ ಈ ಮಾತನ್ನು ನಾನು ಹೆಚ್ಚಾಗಿ ಕೇಳಿರುವುದು ದುಡ್ಡಿನ ಕೊರತೆ ಕಾಣದವರ ಬಾಯಲ್ಲಿ. ನನ್ನ ತಂಗಿಯ ಓದು, ಅಮ್ಮನ ಮಂಡಿ ಶಸ್ತ್ರಚಿಕಿತ್ಸೆ, ಸೊಸೈಟಿಯ ಹಳೆ ಸಾಲ, ಸೋರುತ್ತಿದ್ದ ಮಾಡಿನ ಜಾಗದಲ್ಲಿ ತಾರಸಿ ಮನೆ, ಎಲ್ಲವೂ ಆ ದೊಡ್ಡ ಸಂಬಳದಿಂದಲೇ ಆದದ್ದು. ನಮ್ಮಂಥ ಮನೆಗಳಿಗೆ ದುಡ್ಡೇ ಮೊದಲ ನೆಮ್ಮದಿ. ಇಪ್ಪತ್ತಮೂರರ ಹುಡುಗಿ ಮೂರ್ನಾಲ್ಕು ವರ್ಷ ಕಷ್ಟದ ಕೆಲಸ ಆರಿಸಿಕೊಂಡು ಮನೆಯ ಸಾಲ ತೀರಿಸುತ್ತೇನೆ ಎಂದರೆ ಅವಳನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ.

ತಪ್ಪು ಆಗುವುದು ಸಂಬಳವನ್ನು ಪೂರ್ತಿ ಸಂಬಳ ಎಂದು ತಿಳಿದಾಗ. ಅದರಲ್ಲಿ ಒಂದು ಪಾಲು ಕೆಲಸಕ್ಕೆ ಕೊಟ್ಟ ಕೂಲಿ. ಇನ್ನೊಂದು ಪಾಲು ಯಾವಾಗ ಬೇಕಾದರೂ ಹೋಗಬಹುದು ಎಂಬ ಅಪಾಯಕ್ಕೆ ಕೊಟ್ಟ ಕೂಲಿ. ಈ ಎರಡನೆಯ ಪಾಲನ್ನು ಖರ್ಚಿಗೆ ಮುಟ್ಟಬಾರದು. ಎಷ್ಟು ಎಂದು ತಿಳಿಯಲು ನಾನು ಮಾಡುವ ಉಪಾಯ ಸರಳ: ನಾಳೆ ಈ ಕೆಲಸ ಹೋದರೆ ಎರಡು ತಿಂಗಳೊಳಗೆ ಖಂಡಿತ ಸಿಗಬಹುದಾದ ಕೆಲಸದ ಸಂಬಳ ಎಷ್ಟು? ಮನೆ ನಡೆಯಬೇಕಾದ್ದು ಅಷ್ಟರಲ್ಲಿ. ಮೇಲಿನದೆಲ್ಲ ಅಪಾಯದ ಪಾಲು.

ನಮ್ಮ ಅಜ್ಜನ ಕಾಲದವರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಮಳೆ ಚೆನ್ನಾದ ವರ್ಷ ಬಂದ ರಾಗಿಯನ್ನೆಲ್ಲ ಅವರು ಉಣ್ಣಲಿಲ್ಲ, ಮಾರಲೂ ಇಲ್ಲ. ನೆಲದೊಳಗೆ ಹಗೇವು ತೋಡಿ, ಹುಲ್ಲು ಹಾಸಿ, ರಾಗಿ ಇಳಿಸಿ, ಬಾಯಿಗೆ ಕಲ್ಲು ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹುಳ ಹತ್ತದೆ ವರ್ಷಗಟ್ಟಲೆ ಉಳಿಯುತ್ತಿತ್ತು. ಬರ ಬಂದಾಗ ಬಾಯಿ ತೆಗೆಯುತ್ತಿದ್ದರು. ಅವರಿಗೆ ಮುಂದಿನ ವರ್ಷದ ಮಳೆಯ ಖಾತರಿ ಇರಲಿಲ್ಲ, ಅದು ಇಲ್ಲ ಎಂಬುದು ಮಾತ್ರ ಗೊತ್ತಿತ್ತು. ಕೆಲಸ ಹೋದಾಗ ನನ್ನ ಬಳಿ ಇದ್ದದ್ದು ಎರಡೂವರೆ ತಿಂಗಳ ಖರ್ಚಿನಷ್ಟು ಉಳಿತಾಯ. ಹದಿಮೂರು ವರ್ಷ ದುಡಿದವನ ಬಳಿ. ಈಗ ಒಂದು ವರ್ಷದ್ದು ಇದೆ. ಸಂಬಳ ಮೊದಲಿಗಿಂತ ಕಡಿಮೆ, ರಾತ್ರಿ ನಿದ್ದೆ ಮೊದಲಿಗಿಂತ ಮೇಲು.

"ಏನೂ ಇಲ್ದಿದ್ರೆ ಜಮೀನೈತಲ್ಲ, ವಾಪಸ್ ಬಂದ್ ಬೇಸಾಯ ಮಾಡಿದ್ರಾಯ್ತು"

ಪ್ರೀತಿಯಿಂದ ಹೇಳುವ ಮಾತು ಇದು. ಕೇಳಿದಾಗ ನನಗೂ ಧೈರ್ಯ ಬರುತ್ತದೆ. ಆದರೆ ಒಂದು ಲೆಕ್ಕ ಹೇಳಬೇಕು. ಬೆಂಗಳೂರಿನಲ್ಲಿ ಫ್ಲಾಟಿಗೆಂದು 60 ಲಕ್ಷ ಸಾಲ ತೆಗೆದವನು ಶೇ 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷ ಕಟ್ಟುವ ಕಂತು ತಿಂಗಳಿಗೆ ಸುಮಾರು 52,000 ರೂಪಾಯಿ. ಒಂದು ಎಕರೆಯಲ್ಲಿ ಮಳೆ ಕೈಹಿಡಿದು 10 ಕ್ವಿಂಟಲ್ ರಾಗಿ ಬೆಳೆದರೆ, 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿಯಂತೆ 48,860. ಗೊಬ್ಬರ, ಉಳುಮೆ, ಕೂಲಿ ಕಳೆಯುವ ಮುಂಚಿನ ಮಾತು ಇದು. ಒಂದು ಎಕರೆಯ ಒಂದು ವರ್ಷದ ಬೆಳೆ ಒಂದು ತಿಂಗಳ ಕಂತಿಗೆ ಸಾಲುವುದಿಲ್ಲ. ನಗರದ ಸಾಲವನ್ನು ಹೊತ್ತುಕೊಂಡು ಹಳ್ಳಿಯ ಬೇಸಾಯಕ್ಕೆ ಮರಳಲಾಗದು. ಹಿಪ್ಪುನೇರಳೆ, ಅಡಿಕೆ, ಹಸು ಎಂದು ಆದಾಯ ಹೆಚ್ಚಿಸಿಕೊಂಡವರೂ ಇದ್ದಾರೆ. ಅವರು ಅದನ್ನು ಹತ್ತು ವರ್ಷ ಕಲಿತವರು, ಸೋತು ಬಂದ ತಿಂಗಳಿನಲ್ಲಿ ಶುರುಮಾಡಿದವರಲ್ಲ.

ಇನ್ನೊಂದು ಸಂಗತಿ. ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ದಾಬಸ್‌ಪೇಟೆ, ಮಾಗಡಿ, ರಾಮನಗರಗಳನ್ನು ಹಾದುಹೋಗುವ ಯೋಜನೆ ಬಂದಾಗಿನಿಂದ ಇಲ್ಲಿ ಜಮೀನು ಕೇಳಿಕೊಂಡು ಬರುವ ಕಾರುಗಳು ಹೆಚ್ಚಾಗಿವೆ. ಮಗನ ಫ್ಲಾಟಿನ ಮುಂಗಡಕ್ಕೆಂದು ಎಕರೆ ಮಾರಿದ ಮನೆಗಳಿವೆ. ವಾಪಸ್ ಬರುವ ದಾರಿಯನ್ನೇ ಮಾರಿ ಮುಂದೆ ಹೋದವನಿಗೆ ಕೆಲಸ ಹೋದ ದಿನ ನಿಲ್ಲಲು ಜಾಗ ಎಲ್ಲಿದೆ?

ನಾನು ನಲವತ್ತೊಂದನೇ ದಿನ ಅಪ್ಪನಿಗೆ ಹೇಳಿದೆ. ಹಸುವಿಗೆ ಹುಲ್ಲು ಹಾಕುತ್ತಿದ್ದವರು ಕೈ ನಿಲ್ಲಿಸದೆ, "ನಿನ್ ಮುಖ ನೋಡ್ದಾಗ್ಲೇ ಗೊತ್ತಾಗಿತ್ತು, ನೀನೇ ಹೇಳ್ಲಿ ಅಂತ ಸುಮ್ಕಿದ್ದೆ" ಎಂದರು. ಫ್ಲಾಟಿಗೆಂದು ಮಾರಲು ನಾನೇ ಒಮ್ಮೆ ಒತ್ತಾಯಿಸಿದ್ದ ಮುಕ್ಕಾಲು ಎಕರೆಯನ್ನು ಅವರು ಮಾರದೆ ಉಳಿಸಿಕೊಂಡಿದ್ದರು. ಈ ಮುಂಗಾರಿನಲ್ಲಿ ಅದಕ್ಕೆ ರಾಗಿ ಬಿತ್ತಿದ್ದಾರೆ, ಅಕ್ಕಡಿ ಸಾಲಿಗೆ ಅವರೆ, ತೊಗರಿ. ಕಳೆ ತೆಗೆದವರ ಕೂಲಿ ನನ್ನ ಸಂಬಳದಿಂದ ಹೋಗಿದೆ.